ಅಪ್‌ಡೇಟ್: ಬರ್ಥೌಡ್ ಪಾಸ್‌ಗೆ ಹೋದೆವು, ಕಡಿದಾದ ಇಳಿಜಾರನ್ನು ಬಿಟ್ಟೆವು

ಹೊಸ ಹಿಮದ ಜೊತೆಗೆ ಜೋರು ಗಾಳಿಯೂ ಬೀಸಿದ್ದರಿಂದ, ಗೆಳೆಯನೊಡನೆ ಅಮೆರಿಕದ ಕೊಲೊರಾಡೊದಲ್ಲಿರುವ ಬೆಟ್ಟದ ಕಣಿವೆದಾರಿ ಬರ್ಥೌಡ್ ಪಾಸ್‌ನಲ್ಲಿ ಸ್ಕೀಯಿಂಗ್‌ಗೆ ಹೋಗಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು.

ಅಂದಿನ ಮುನ್ಸೂಚನೆಯಲ್ಲಿ ಹಿಮಕುಸಿತದ ಅಪಾಯ 5ರಲ್ಲಿ 3ನೇ ಹಂತದಲ್ಲಿತ್ತು. ಮೂರೆಂದರೆ ನಡುಮಧ್ಯ, ಹೆದರಬೇಕಿಲ್ಲ ಎಂಬುದು ಗೆಳೆಯನ ವಾದವಾಗಿತ್ತು. ಆದರೆ ಮನುಷ್ಯರ ಭಾರಕ್ಕೇ ಹಿಮ ಜಾರುವ ಸಂಭವ ಹೆಚ್ಚು ಎಂಬುದೇ ಆ ಹಂತದ ಅರ್ಥ. ನಾನು ಹೇಳಿದ್ದಕ್ಕಿಂತ ಬೆಟ್ಟವೇ ಅವನಿಗೆ ಚೆನ್ನಾಗಿ ತಿಳಿಸಿತೆನ್ನಬೇಕು. ಏರುದಾರಿಯಲ್ಲಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಾಲಡಿಯ ಹಿಮ 'ಧೊಪ್' ಎಂದು ಕುಸಿದು ಕೂತಿತು. ಗುಂಡಿ ತೋಡಿ ನೋಡಿದಾಗ, ಚಳಿಗಾಲದ ಆರಂಭದಲ್ಲಿ ಬಿದ್ದು ಸಕ್ಕರೆ ಹರಳಿನಂತೆ ಬಿಡಿಬಿಡಿಯಾಗಿದ್ದ ಹಿಮದ ಮೇಲೆ, ಗಾಳಿ ತಂದು ಒತ್ತಿದ ಗಟ್ಟಿ ಪದರವೊಂದು ಹಾಸಿದಂತೆ ಕೂತಿರುವುದು ಸ್ಪಷ್ಟವಾಗಿ ಕಂಡಿತು. ಕೆಳಗಿನ ಬಿಡಿ ಹಿಮ ಕುಸಿದರೆ ಕಡಿದಾದ ಜಾಗದಲ್ಲಿ ಮೇಲಿನ ಪದರ ಜಾರಿಬಿಡುತ್ತದೆ; ಆ 'ಧೊಪ್' ಸದ್ದು ಅದರದೇ ಎಚ್ಚರಿಕೆ.

ಅವನು ಆಸೆಪಟ್ಟಿದ್ದ, 35 ಡಿಗ್ರಿಗೂ ಮೀರಿದ ಪೂರ್ವದ ಇಳಿಜಾರನ್ನು ಅಲ್ಲಿಯೇ ಕೈಬಿಟ್ಟೆವು. ಮೇಲೆ ಕಡಿದಾದ ಇಳಿಜಾರುಗಳಿಲ್ಲದ ಕಾಡಿನಲ್ಲಿ, 25 ಡಿಗ್ರಿಯೊಳಗಿನ ಜಾಗಗಳಲ್ಲಷ್ಟೇ ಎರಡು ಬಾರಿ ಇಳಿದು ಮಧ್ಯಾಹ್ನಕ್ಕೆ ಹಿಂತಿರುಗಿದೆವು. ಗೆಳೆಯ ಕಾರಿನಲ್ಲಿ ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದನು. ಊಟವಾದ ಮೇಲೆ ಸರಿಹೋದನು.