ಅಮೆರಿಕದ ಪಾರ್ಕುಗಳಲ್ಲಿ ಕ್ಯಾಂಪ್‌ಗ್ರೌಂಡ್ ಹೋಸ್ಟ್ ಆಗೋದು ಹೇಗೆ?

ಜಯನಗರ_ನಾಲ್ಕನೇ_ಬ್ಲಾಕ್:
ನಾನು, ನಮ್ಮ ಯಜಮಾನರು ಇಬ್ಬರೂ ನಿವೃತ್ತರು, ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ. ಬೇಸಿಗೆಯಲ್ಲಿ ಆರೆಗಾನ್‌ನಲ್ಲಿರುವ ಮಗಳ ಮನೆಗೆ ಹೋಗ್ತೀವಿ. ಅಲ್ಲಿನ ಪಾರ್ಕುಗಳ ಕ್ಯಾಂಪ್‌ಗ್ರೌಂಡಲ್ಲಿ (ಜನ ಟೆಂಟ್, ಟ್ರೈಲರ್ ಹಾಕಿ ತಂಗೋ ಜಾಗ) ಸ್ವಯಂಸೇವಕರಾಗಿ ಹೋಸ್ಟ್, ಅಂದ್ರೆ ಅಲ್ಲೇ ಇದ್ದು ಜಾಗ ನೋಡ್ಕೊಳ್ಳೋವ್ರು, ಆದ್ರೆ ಉಳಿಯೋಕೆ ಜಾಗ ಪುಕ್ಕಟೆ ಅಂತಾರೆ. ಅರ್ಜಿ ಎಲ್ಲಿ ಹಾಕ್ಬೇಕು? ನಿಜವಾಗಿ ಏನು ಕೆಲಸ? ಟ್ರೈಲರ್ (ಗಾಡಿಗೆ ಕಟ್ಟಿ ಎಳೆಯೋ ಚಕ್ರದ ಮನೆ) ನಾವೇ ತರ್ಬೇಕಾ? ಬಿ-2 (ಪ್ರವಾಸಿ) ವೀಸಾದಲ್ಲಿ ಬರೋ ನಮ್ಮ ನಾದಿನಿ ದಂಪತಿಯೂ ಜೊತೆಗೆ ಸೇರ್ಕೊಬಹುದಾ? ಇಂಥದ್ದು ಬೆಂಗಳೂರಿನ ಸುತ್ತ ಏನಾದ್ರೂ ಇದೆಯಾ?

ಮಲ್ಲೇಶ್ವರಂ_ಕಾಗದಪತ್ರ:
ಮೊದಲು ನಾದಿನಿಯವರ ವಿಷಯ: ಬೇಡ ಮೇಡಂ. ಕೈಗೆ ಸಂಬಳ ಬರದಿದ್ದರೂ ಕೆಲಸಕ್ಕೆ ಬದಲಾಗಿ ಸಿಗುವ ಉಚಿತ ಜಾಗವನ್ನು ಸಂಭಾವನೆ ಎಂದು ಪರಿಗಣಿಸುವ ಸಾಧ್ಯತೆ ಇದೆ. ಪ್ರವಾಸಿ ವೀಸಾದವರಿಗೆ ಅದು ಅಪಾಯ. ನ್ಯಾಷನಲ್ ಪಾರ್ಕ್ ಸರ್ವಿಸ್ ವಿದೇಶಿ ಸ್ವಯಂಸೇವಕರಿಗೆಂದು ನಡೆಸುತ್ತಾ ಬಂದ ಕಾರ್ಯಕ್ರಮ ಬೇರೆ, ಅದು ಜೆ-1 (ವಿನಿಮಯ ಕಾರ್ಯಕ್ರಮದ) ವೀಸಾದ ದಾರಿ. ಗ್ರೀನ್ ಕಾರ್ಡ್ ಇರುವ ನಿಮಗಿಬ್ಬರಿಗೆ ಈ ತಲೆನೋವಿಲ್ಲ.

ಕೇಂದ್ರ ಸರ್ಕಾರದ ಜಾಗಗಳಿಗೆ, ಅಂದರೆ ನ್ಯಾಷನಲ್ ಪಾರ್ಕ್, ಫಾರೆಸ್ಟ್ ಸರ್ವಿಸ್, ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ (ಸೇನೆಯ ಎಂಜಿನಿಯರಿಂಗ್ ವಿಭಾಗ) ಜಲಾಶಯಗಳಿಗೆ, ವಾಲಂಟಿಯರ್ ಡಾಟ್ ಗೌವ್ ವೆಬ್‌ಸೈಟ್‌ನಲ್ಲಿ ಅರ್ಜಿ. ಸ್ಟೇಟ್ ಪಾರ್ಕುಗಳದ್ದು ಆಯಾ ರಾಜ್ಯದ ವೆಬ್‌ಸೈಟ್. ಜೂನ್‌ಗೆ ಬೇಕಿದ್ದರೆ ಚಳಿಗಾಲದಲ್ಲೇ ಹಾಕಿ, ಕಡಲತೀರದ ಪಾರ್ಕುಗಳು ಅದಕ್ಕೂ ಮೊದಲೇ ತುಂಬಿಬಿಡುತ್ತವೆ. ಹಿನ್ನೆಲೆ ಪರಿಶೀಲನೆ ಸಾಮಾನ್ಯವಾಗಿ ಇರುತ್ತದೆ. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಸೋಷಿಯಲ್ ಸೆಕ್ಯೂರಿಟಿ ಕಾರ್ಡ್ ಮೂರರಲ್ಲೂ ಹೆಸರು ಒಂದೇ ಥರ ಇರಲಿ. ನಮ್ಮ ಇನಿಷಿಯಲ್ ಒಂದು ಕಡೆ ಒಂದಕ್ಷರ, ಇನ್ನೊಂದು ಕಡೆ ಪೂರ್ತಿ ಊರಿನ ಹೆಸರಾಗಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಫಾರೆಸ್ಟ್ ಸರ್ವಿಸ್‌ನ ಹಲವು ಕ್ಯಾಂಪ್‌ಗ್ರೌಂಡ್‌ಗಳನ್ನು ಖಾಸಗಿ ಗುತ್ತಿಗೆದಾರರು ನಡೆಸುತ್ತಾರೆ. ಅಲ್ಲಿ ಹೋಸ್ಟ್ ಅಂದರೆ ಸಂಬಳದ ನೌಕರಿ, ತೆರಿಗೆ ಸಹಿತ. ಅದು ಬೇರೆ ಲೆಕ್ಕ, ಜಾಹೀರಾತನ್ನು ಪೂರ್ತಿ ಓದಿ.

ಸಹಿ ಹಾಕಿದ ಒಪ್ಪಂದ ಕೈಗೆ ಬರುವವರೆಗೆ ಒಂದು ಪೊರಕೆಯನ್ನೂ ಮುಟ್ಟಬೇಡಿ. ಕೇಂದ್ರದ ಜಾಗಗಳಲ್ಲಿ ಕೆಲಸದ ವೇಳೆ ಪೆಟ್ಟಾದರೆ ಪರಿಹಾರ ಸಿಗುವುದು ಆ ಒಪ್ಪಂದದಿಂದ, ಅದೂ ಅದರಲ್ಲಿ ಬರೆದ ಕೆಲಸಕ್ಕೆ ಮಾತ್ರ. ಬಿದ್ದ ಮರವನ್ನು ಉತ್ಸಾಹದಿಂದ ಕೊಯ್ಯಲು ಹೋಗಿ ಕೈ ಕೊಯ್ದುಕೊಂಡರೆ ಖರ್ಚು ನಿಮ್ಮದೇ. ಜ್ವರ, ಬಿಪಿಗೆ ಅದು ಅನ್ವಯಿಸುವುದಿಲ್ಲ. ಹೊಸ ಗ್ರೀನ್ ಕಾರ್ಡಿನವರಿಗೆ 65 ದಾಟಿದರೂ ಐದು ವರ್ಷ ಸತತ ವಾಸವಾಗದೆ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಸಿಗದು. ಆರೋಗ್ಯ ವಿಮೆ ಪ್ರತ್ಯೇಕವಾಗಿ ಮಾಡಿಸಿ.

ಬೂದಿ_ಬಕೆಟ್ಟು:
ಕೆಲಸ ಅಂದ್ರೆ ಮುಕ್ಕಾಲು ಪಾಲು ಕಕ್ಕಸು ಮತ್ತು ಬೂದಿ. ಇದನ್ನ ಮೊದಲೇ ಹೇಳ್ಬಿಡೋದು ವಾಸಿ.

ವಾರಕ್ಕೆ ಸಾಮಾನ್ಯವಾಗಿ 20ರಿಂದ 30 ಗಂಟೆ. ಇದು ಇಬ್ಬರಿಗೂ ಸೇರಿಸಿಯಾ, ತಲಾನಾ ಅಂತ ಲಿಖಿತವಾಗಿ ಕೇಳಿ. ಜಗಳ ಶುರುವಾಗೋದೇ ಇಲ್ಲಿ. ಶುಕ್ರವಾರದಿಂದ ಭಾನುವಾರ ರಜೆ ಸಿಗಲ್ಲ, ನಿಮ್ಮ ವಾರಾಂತ್ಯ ಮಂಗಳವಾರ, ಬುಧವಾರ.

ಮಧ್ಯಾಹ್ನ ಒಂದು ಸೈಟ್ (ಕ್ಯಾಂಪರ್‌ಗೆ ಕೊಟ್ಟ ಜಾಗ) ಖಾಲಿಯಾದ ಮೇಲೆ ಬೆಂಕಿಗುಂಡಿ ಕ್ಲೀನ್ ಮಾಡ್ಬೇಕು. ಮೇಲೆ ಬೂದಿ ತಣ್ಣಗೆ ಕಂಡ್ರೂ ಒಳಗೆ ಕೆಂಡ ದಿನಗಟ್ಟಲೆ ಇರತ್ತೆ. ನೀರು ಹಾಕಿ, ಸಲಿಕೆಯಲ್ಲಿ ಕಲಸಿ, ಮತ್ತೆ ನೀರು. ಅಂಗೈಯ ಹಿಂಭಾಗ ಹತ್ತಿರ ಹಿಡಿದಾಗ ಶಾಖ ತಾಗಬಾರದು. ತುಂಬೋದು ಮುಚ್ಚಳ ಇರೋ ಲೋಹದ ಡಬ್ಬಕ್ಕೆ ಮಾತ್ರ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಸದ ತೊಟ್ಟಿಗೆ ಎಸೆದ್ರೆ ತೊಟ್ಟಿಗೇ ಬೆಂಕಿ.

ನೀರಿಲ್ಲದ ಗುಂಡಿ ಕಕ್ಕಸಿಗೆ ಎತ್ತರದ ಕಪ್ಪು ಕೊಳವೆ ಇರತ್ತೆ. ಬಿಸಿಲಿಗೆ ಅದು ಕಾದು ಗಾಳೀನ ಮೇಲಕ್ಕೆ ಎಳೆಯತ್ತೆ, ಆಗ ವಾಸನೆ ಕೋಣೆಗೆ ಬರಲ್ಲ. ಬಾಗಿಲು ತೆರೆದು ಬಿಟ್ರೆ, ಗೋಡೆಯ ಕೆಳಗಿನ ಜಾಲರಿ ಎಲೆ-ಕಸದಿಂದ ಕಟ್ಟಿದ್ರೆ ಈ ಎಳೆತ ಕೆಡತ್ತೆ. ವಾಸನೆ ಬಂತು ಅಂತ ಫಿನಾಯಿಲ್ ಸುರಿಯೋ ಮುಂಚೆ ಜಾಲರಿ ನೋಡಿ. ಬ್ಲೀಚ್ ಜೊತೆ ಅಮೋನಿಯಾ ಇರೋ ಯಾವ ದ್ರಾವಣವನ್ನೂ ಸೇರಿಸಬೇಡಿ, ವಿಷಗಾಳಿ ಏಳತ್ತೆ. ಗುಂಡಿಗೆ ಡೈಪರ್, ಬಾಟಲಿ ಬಿದ್ರೆ ಮಲ ಹೀರ್ಕೊಳ್ಳೋ ಲಾರಿಯ ಪೈಪ್ ಕಟ್ಟತ್ತೆ, ಅದಕ್ಕೇ ಕಸದ ಡಬ್ಬ ಪಕ್ಕದಲ್ಲೇ ಇಡೋದು.

ರಾತ್ರಿ ಹತ್ತರ ಮೇಲೆ ಗಲಾಟೆ ಆದ್ರೆ ಒಂದು ಸಲ ನಗುನಗುತ್ತಾ ಹೇಳಿ. ಕೇಳದಿದ್ರೆ ಸೈಟ್ ನಂಬರ್, ಗಾಡಿ ನಂಬರ್, ಹೊತ್ತು ಬರೆದು ರೇಂಜರ್‌ಗೆ ರೇಡಿಯೋ ಮಾಡಿ. ಹೋಸ್ಟ್‌ಗೆ ದಂಡ ಹಾಕೋ ಅಧಿಕಾರ ಇಲ್ಲ. ಅಪಾರ್ಟ್‌ಮೆಂಟ್ ಸೆಕ್ರೆಟರಿ ಗತ್ತು ಅಲ್ಲಿ ನಡೆಯಲ್ಲ.

ಮೂವತ್ತು_ಆಂಪ್:
ಬಹುತೇಕ ಕಡೆ ಟ್ರೈಲರ್ ನಿಮ್ಮದೇ. ಪಾರ್ಕಿನವರು ಕೊಡೋದು ಜಾಗ, ಕರೆಂಟ್, ನೀರು, ಒಳಚರಂಡಿ ಸಂಪರ್ಕ. ಕ್ಯಾಬಿನ್ ಕೊಡೋ ಪಾರ್ಕುಗಳು ಕಮ್ಮಿ. ಮೂರು ತಿಂಗಳಿಗೆ ಬಾಡಿಗೆ ಟ್ರೈಲರ್ ತಗೊಂಡ್ರೆ ಉಳಿತಾಯದ ಮಾತೇ ಇಲ್ಲ.

ಟ್ರೈಲರ್‌ಗೆ ಸಿಗೋ ಕರೆಂಟ್ 30 ಆಂಪ್, 120 ವೋಲ್ಟ್ ಆದ್ರೆ ಒಟ್ಟು 3,600 ವ್ಯಾಟ್. ಎಸಿ ಸುಮಾರು 13 ಆಂಪ್, ಮೈಕ್ರೋವೇವ್ 12, ನೀರು ಕಾಯಿಸೋ ಹೀಟರ್ 12. ಎರಡು ಹೇಗೋ ನಡೆಯತ್ತೆ, ಮೂರನೇದು ಹಾಕಿದ್ರೆ ಬ್ರೇಕರ್ ಬೀಳತ್ತೆ. ನಲ್ಲಿಗೆ ಪ್ರೆಷರ್ ರೆಗ್ಯುಲೇಟರ್ ಹಾಕಿ ನೀರಿನ ಒತ್ತಡವನ್ನ 50 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸಿಗೆ ಇಳಿಸಿ, ಇಲ್ಲಾಂದ್ರೆ ಒಳಗಿನ ಜಾಯಿಂಟ್ ಬಿಚ್ಚತ್ತೆ.

ಎಲ್ಲರೂ ಎಡವೋದು ಟ್ರೈಲರಿನ ಮಲದ ಟ್ಯಾಂಕಲ್ಲಿ. ಚರಂಡಿ ಸಂಪರ್ಕ ಇದೆಯಲ್ಲ ಅಂತ ವಾಲ್ವ್ ತೆರೆದೇ ಬಿಟ್ರೆ ನೀರು ಹರಿದುಹೋಗಿ ಗಟ್ಟಿ ಭಾಗ ಗುಡ್ಡೆ ಕಟ್ಟತ್ತೆ. ಮುಚ್ಚಿಡಿ, ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಂದೇ ಸಲ ಬಿಡಿ. ಆಮೇಲೆ ಸ್ನಾನ-ಪಾತ್ರೆ ನೀರಿನ ಟ್ಯಾಂಕ್ ಬಿಟ್ರೆ ಪೈಪ್ ತಾನೇ ತೊಳೆಯತ್ತೆ.

ಜಯನಗರ_ನಾಲ್ಕನೇ_ಬ್ಲಾಕ್:
ಥ್ಯಾಂಕ್ಸ್ ಎಲ್ಲರಿಗೂ. ಇಲ್ಲಿಂದ ಮಿಕ್ಸಿ ತಗೊಂಡು ಹೋಗ್ಬಹುದಾ? ಅಲ್ಲಿನ ಬ್ಲೆಂಡರಲ್ಲಿ ಚಟ್ನಿ ಸರಿಯಾಗಲ್ಲ.

ಮೂವತ್ತು_ಆಂಪ್:
ಬೇಡ. ನಮ್ಮದು 230 ವೋಲ್ಟ್, ಅಲ್ಲಿ ತಿರುಗೋಕೇ ತಿಣುಕತ್ತೆ. 750 ವ್ಯಾಟ್ ಮಿಕ್ಸಿಗೆ ಬೇಕಾಗೋ ಟ್ರಾನ್ಸ್‌ಫಾರ್ಮರ್ ಮಿಕ್ಸಿಗಿಂತ ಭಾರ. 110 ವೋಲ್ಟಿನ ಇಂಡಿಯನ್ ಮಿಕ್ಸಿ ಅಲ್ಲೇ ಸಿಗತ್ತೆ.

ಬೂದಿ_ಬಕೆಟ್ಟು:
ಕರಡಿ ಇರೋ ಕಡೆ ಚಟ್ನಿ ಪಾತ್ರೆ ಹೊರಗೆ ನೆನೆಹಾಕಬೇಡಿ. ತುಪ್ಪದ ಡಬ್ಬ, ಟೂತ್‌ಪೇಸ್ಟ್, ಊದಿನಕಡ್ಡಿ ಎಲ್ಲಾ ಲೋಹದ ಪೆಟ್ಟಿಗೆಗೆ ಅಥವಾ ಗಟ್ಟಿ ಗೋಡೆಯ ಟ್ರೈಲರ್ ಒಳಗೆ. ಕ್ಯಾಂಪರ್‌ಗಳಿಗೆ ಇದನ್ನ ದಿನಾ ಹೇಳ್ಬೇಕಾದವರೇ ನೀವು.

ಬನ್ನೇರುಘಟ್ಟ_ರೋಡ್:
ಬೆಂಗಳೂರಿನ ಪ್ರಶ್ನೆ ಉಳಿದುಹೋಯ್ತು. ನಮ್ಮಲ್ಲಿ ಈ ಥರದ ಹೋಸ್ಟ್ ಪದ್ಧತಿ ಇಲ್ಲ. ಅರಣ್ಯ ಇಲಾಖೆಯ ಚಾರಣ ದಾರಿಗಳಿಗೆ ಅರಣ್ಯ ವಿಹಾರ ಪೋರ್ಟಲ್‌ನಲ್ಲಿ ಟಿಕೆಟ್ ತಗೊಂಡು ಹಗಲಲ್ಲೇ ಹೋಗಿ ಬರ್ಬೇಕು. ಅನುಮತಿ ಇಲ್ಲದೆ ಕಾಡಲ್ಲಿ ಟೆಂಟ್ ಹಾಕೋದು, ಬೆಂಕಿ ಹಚ್ಚೋದು ಅಪರಾಧ.