ಪ್ರೆಸ್‌ನಲ್ಲೇ ಚುಕ್ಕಿ ಒತ್ತಿದರೆ ಅಂಟು ಬಿಡದೆ ನಿಲ್ಲುತ್ತಾ?

ಮಾಚೇನಹಳ್ಳಿ ಪ್ರೆಸ್:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಲೋಹದ ಶೀಟು ಒತ್ತಿ ಆಕಾರ ಕೊಡುವ ಸಣ್ಣ ಪ್ರೆಸ್ ಶಾಪ್ ನಮ್ಮದು. ಅಡಿಕೆ ಸುಲಿಯುವ ಮೆಷಿನ್‌ಗೆ ಮೇಲಿನ ಕವರ್ ಮಾಡಿ ಕೊಡುತ್ತೇವೆ. 1.2 ಮಿ.ಮೀ. ಅಲ್ಯೂಮಿನಿಯಂ ಶೀಟು, 5052 ಗ್ರೇಡು. ಕವರ್ ಅದುರಬಾರದು ಅಂತ ಒಳಗಡೆ ಟೋಪಿ ಆಕಾರದ ಪಟ್ಟಿ ಕೂರಿಸುತ್ತೇವೆ. ಮೊದಲು ರಿವೆಟ್ ಹೊಡೆಯುತ್ತಿದ್ದೆವು. ಹೊರಗಡೆ ತಲೆ ಕಾಣುತ್ತೆ, ಚೆನ್ನಾಗಿಲ್ಲ ಅಂತ ಗಿರಾಕಿ ಹೇಳಿದ ಮೇಲೆ ಎರಡು ಡಬ್ಬದ ಎಪಾಕ್ಸಿ ಅಂಟಿಗೆ ಬಂದೆವು.

ಹೋದ ವರ್ಷದ ಅಡಿಕೆ ಕೊಯ್ಲಿನಲ್ಲಿ ಒಂದೇ ಒಂದು ದೂರು ಬರಲಿಲ್ಲ. ಆಮೇಲೆ ಮಳೆಗಾಲ ಪೂರ್ತಿ ಮೆಷಿನ್‌ಗಳು ತೀರ್ಥಹಳ್ಳಿ, ಹೊಸನಗರ ಕಡೆ ಕೊಟ್ಟಿಗೆ ಮೂಲೆಯಲ್ಲಿ ನಿಂತಿದ್ದವು. ಈ ಸಲ ಸ್ಟಾರ್ಟ್ ಮಾಡಿದರೆ ಗಡಗಡ ಸದ್ದು. ಬಿಚ್ಚಿ ನೋಡಿದರೆ ಪಟ್ಟಿ ಹಾಗೇ ಕೈಗೆ ಬಂತು. ಅಂಟು ಪೂರ್ತಿ ಕವರ್ ಕಡೆ ಉಳಿದಿದೆ, ಪಟ್ಟಿಯ ಕಡೆ ಹೊಳೆಯುವ ಲೋಹ ಮಾತ್ರ. ತುಂಬಾ ಬೇಜಾರಾಯಿತು. ಸುಲಿಯುವ ಆಳು ಸಿಗದೆ ಇರುವಾಗ ಆ ಮನೆಯವರು ಮೆಷಿನ್ ನಂಬಿಕೊಂಡು ಕೂತಿದ್ದರು.

ನನ್ನ ಪ್ರಶ್ನೆ ಇಷ್ಟು. ಪಟ್ಟಿಗೆ ಆಕಾರ ಕೊಡುವ ಡೈಯಲ್ಲೇ (ಅಚ್ಚಿನಲ್ಲೇ), ಅಂಟು ಹಚ್ಚುವ ಎರಡೂ ಅಂಚಿನ ಮೇಲೆ ನರ್ಲಿಂಗ್ ತರಹ, ಅಂದರೆ ಹಿಡಿತಕ್ಕೆ ಒರಟು ಮಾಡಿದ ಹಾಗೆ, ಚುಕ್ಕಿ ಒತ್ತಿಬಿಟ್ಟರೆ ಹೇಗೆ? ಅಂಚು ಒಂದೊಂದು 15 ಮಿ.ಮೀ. ಅಗಲ, 400 ಮಿ.ಮೀ. ಉದ್ದ. ಬೇರೆ ಆಪರೇಷನ್ ಇಲ್ಲದೆ ಒಂದೇ ಏಟಿಗೆ ಆಗಬೇಕು. 63 ಟನ್ ಪ್ರೆಸ್ ಇದೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಭದ್ರಾವತಿ ಡೈಮೇಕರ್:
ಒತ್ತಬಹುದು ಸರ್, ಆದರೆ ಮೊದಲು ಟನ್ನೇಜ್ ಲೆಕ್ಕ ಹಾಕಿ. ಅಚ್ಚು ಲೋಹಕ್ಕೆ ಪೂರ್ತಿ ಇಳಿಯಬೇಕಂದರೆ ಅದರ ಯೀಲ್ಡ್‌ನ (ಲೋಹ ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡದ) ಸುಮಾರು 3 ಪಟ್ಟು ಒತ್ತಡ ಬೇಕು. 5052ರಲ್ಲಿ ಎಚ್32 ಅನ್ನೋ ಗಡಸುತನದ ಶೀಟು ಆದರೆ ಚದರ ಮಿಲಿಮೀಟರಿಗೆ ಹತ್ತಿರ ಹತ್ತಿರ 600 ನ್ಯೂಟನ್. ನಿಮ್ಮ ಎರಡು ಅಂಚು ಸೇರಿ 12,000 ಚದರ ಮಿ.ಮೀ. ಪೂರ್ತಿ ಮೈಗೆ ಒತ್ತಲು ಹೋದರೆ 700 ಟನ್ ದಾಟುತ್ತೆ, ಅದು ನಿಮ್ಮ ಪ್ರೆಸ್‌ನ ಕೆಲಸ ಅಲ್ಲ.

ಅದಕ್ಕೆ ಚುಕ್ಕಿ ದೂರ ದೂರ ಇಡಿ. ಬುಡ 0.3 ಮಿ.ಮೀ. ಇರುವ ಚೌಕದ ಮೊನೆ, ಒಂದರಿಂದ ಒಂದಕ್ಕೆ 1.2 ಮಿ.ಮೀ. ಅಂತರ, ಆಳ 0.15. ಹೀಗಾದರೆ ನೂರಕ್ಕೆ 6 ಭಾಗ ಮಾತ್ರ ಒತ್ತಿದ ಹಾಗೆ, ಸುಮಾರು 46 ಟನ್ ಸಾಕು. ಮೆಕ್ಯಾನಿಕಲ್ ಪ್ರೆಸ್ ಆದರೆ ಪೂರ್ತಿ ಟನ್ನೇಜ್ ಸ್ಟ್ರೋಕ್‌ನ ಕೆಳಗಿನ ತುದಿಯಲ್ಲಿ ಮಾತ್ರ ಸಿಗುತ್ತೆ ಅನ್ನೋದು ನೆನಪಿರಲಿ.

ಬೆಂಡ್ ಮಾಡುವ ಏಟಿನಲ್ಲೇ ಚುಕ್ಕಿಯನ್ನೂ ಒತ್ತಬೇಡಿ. ಶೀಟು ಜಾರುವಾಗ ಮೊನೆ ಗೀರುತ್ತೆ, ಅಲ್ಯೂಮಿನಿಯಂ ಡೈಗೆ ಮೆತ್ತಿಕೊಳ್ಳುತ್ತೆ. ಆಕಾರ ಬಂದ ಮೇಲೆ ರಿಸ್ಟ್ರೈಕ್‌ನಲ್ಲಿ, ಅಂದರೆ ಎರಡನೇ ಏಟಿನಲ್ಲಿ ಒತ್ತಿ, ಅದೂ ಪ್ರೆಸ್ ಇಳಿಯುವ ದಿಕ್ಕಿಗೆ ಅಡ್ಡವಾಗಿರುವ ಮೈ ಮೇಲೆ ಮಾತ್ರ. ನಿಂತ ಗೋಡೆಗೆ ಒತ್ತಿದರೆ ಪಾರ್ಟು ಡೈಯಿಂದ ಬಿಡಲ್ಲ. ಡಿ2 ಅನ್ನೋ ಡೈ ಸ್ಟೀಲಿನಲ್ಲಿ ಇನ್ಸರ್ಟ್ (ಡೈಯೊಳಗೆ ಕೂರಿಸುವ ಬೇರೆ ತುಂಡು) ಮಾಡಿ ಹಾರ್ಡ್ ಮಾಡಿಸಿ, ಸವೆದರೆ ಅದೊಂದನ್ನೇ ಬದಲಿಸಬಹುದು. ಒಂದೇ ಕಡೆ ಒತ್ತುವುದರಿಂದ ಅಂಚು ಬಾಳೆ ಎಲೆ ತರಹ ಸ್ವಲ್ಪ ಬಾಗುತ್ತೆ, ಅದಕ್ಕೂ ಜಾಗ ಬಿಟ್ಟುಕೊಳ್ಳಿ.

ಸಾಗರದವ, ಈಗ ಬೆಂಗಳೂರು:
ಡೈಮೇಕರ್ ಅಣ್ಣನ ಲೆಕ್ಕ ಸರಿಯಾಗಿದೆ, ಆದರೆ ಅದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋಗಿ ನೋಡಿ. 45 ಡಿಗ್ರಿ ಇಳಿಜಾರಿನ ಮೊನೆ ಒತ್ತಿದ ಜಾಗದಲ್ಲಿ ಮೈ 1.41 ಪಟ್ಟು ಆಗುತ್ತೆ. ಒತ್ತಿದ್ದೇ ನೂರಕ್ಕೆ 6 ಭಾಗ. ಅಂದರೆ ಒಟ್ಟಾರೆ ಅಂಟಿಗೆ ಜಾಸ್ತಿ ಸಿಗುವ ಮೈ ನೂರಕ್ಕೆ 3 ಕೂಡ ಇಲ್ಲ! ಚುಕ್ಕಿಯಿಂದ ಅಂಟಿಗೆ ಒಂದಿಷ್ಟು ಕಚ್ಚು ಸಿಗಬಹುದು, ಹಬ್ಬುವ ಬಿರುಕಿಗೆ ಒಂದಿಷ್ಟು ಅಡ್ಡಿ ಆಗಬಹುದು. ನಿಮ್ಮ ಕಾಯಿಲೆಗೆ ಅದು ಔಷಧಿ ಅಲ್ಲ ಅನ್ಸುತ್ತೆ.

ನಿಮ್ಮ ಬರಹದಲ್ಲೇ ಕಾರಣ ಇದೆ. ಅಂಟಿನ ಒಳಗೇ ಹರಿದಿದ್ದರೆ ಎರಡೂ ಕಡೆ ಅಂಟು ಇರಬೇಕಿತ್ತು. ಒಂದು ಕಡೆ ಬರೀ ಲೋಹ ಅಂದರೆ ಆ ಮೈಗೆ ಅಂಟು ಹಿಡಿದೇ ಇರಲಿಲ್ಲ, ಇಲ್ಲಾ ನೀರು ನಿಧಾನಕ್ಕೆ ಬಿಡಿಸಿದೆ. ಕವರ್‌ಗೂ ಪಟ್ಟಿಗೂ ವ್ಯತ್ಯಾಸ ಏನು? ಪಟ್ಟಿಗೆ ಪ್ರೆಸ್ ಆಯಿಲ್ ಹಾಕುತ್ತೀರಾ? ಅದನ್ನು ಹೇಗೆ ತೊಳೆಯುತ್ತೀರಾ?

ಅಲ್ಯೂಮಿನಿಯಂ ಮೇಲೆ ಯಾವಾಗಲೂ ಒಂದು ಆಕ್ಸೈಡ್ ಪದರ ಇರುತ್ತೆ. ತಿಂಗಳುಗಟ್ಟಲೆ ತೇವ ತಗುಲಿದರೆ ಅದು ನೀರು ಹೀರಿ ಬೇರೆ ರೂಪಕ್ಕೆ ಹೋಗುತ್ತೆ, ಅದಕ್ಕೆ ಲೋಹದ ಹಿಡಿತ ಕಡಿಮೆ. ನಮ್ಮ ಕಡೆ ಮಳೆ ಗೊತ್ತಲ್ವಾ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ. ಗೋಡೆಗೇ ಪಾಚಿ ಹಿಡಿಯುವ ಊರಿನ ಕೊಟ್ಟಿಗೆ ಅದು. ವಿಮಾನ ಕಟ್ಟುವವರಿಗೂ ಇದೇ ತೊಂದರೆ ಇತ್ತು. ಬೋಯಿಂಗ್‌ನವರು 1970ರ ದಶಕದಲ್ಲಿ ಫಾಸ್ಫಾರಿಕ್ ಆಸಿಡ್ ಆನೊಡೈಸಿಂಗ್‌ಗೆ (ಆಸಿಡ್‌ನಲ್ಲಿ ಮುಳುಗಿಸಿ ಕರೆಂಟ್ ಹರಿಸಿ ಆಕ್ಸೈಡ್ ಪದರ ಬೆಳೆಸುವುದಕ್ಕೆ) ಹೋಗಿದ್ದು ಅದಕ್ಕೇ. ಅದರಲ್ಲಿ ಬರುವ ರಂಧ್ರಗಳು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಸಣ್ಣವು. ತೇವದ ಎದುರು ಅಂಟನ್ನು ಹಿಡಿದಿಡುವುದು ಅಷ್ಟು ಸಣ್ಣ ಒರಟು. ನಮ್ಮ ಡೈಯಲ್ಲಿ ಅದು ಬರಲ್ಲ.

ಮಾಚೇನಹಳ್ಳಿ ಪ್ರೆಸ್:
ಸರ್, ಸರಿಯಾಗಿ ಹಿಡಿದಿರಿ. ಕವರನ್ನು ಪ್ರೆಸ್ ಬ್ರೇಕ್ ಅನ್ನೋ ಶೀಟು ಮಡಚುವ ಮೆಷಿನ್‌ನಲ್ಲಿ ಆಯಿಲ್ ಇಲ್ಲದೆ ಒಣಗೇ ಮಡಚುತ್ತೇವೆ. ಪಟ್ಟಿಗೆ ಆಯಿಲ್ ಹಾಕುತ್ತೇವೆ. ಆಮೇಲೆ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಾರೆ. ಒಂದೇ ಬಟ್ಟೆ ಅರ್ಧ ದಿನ ಬರುತ್ತೆ.

ಸಾಗರದವ, ಈಗ ಬೆಂಗಳೂರು:
ಆ ಬಟ್ಟೆ ಎಣ್ಣೆಯನ್ನು ತೆಗೆಯುತ್ತಿಲ್ಲ, ಎಲ್ಲಾ ಪಟ್ಟಿಗೂ ಸಮನಾಗಿ ಹಂಚುತ್ತಿದೆ. ಈಗ ಇದರ ಮೇಲೆ ಚುಕ್ಕಿ ಒತ್ತಿದರೆ ಪ್ರತಿ ಗುಂಡಿಯೂ ಒಂದು ಎಣ್ಣೆ ಬಟ್ಟಲು ಆಗುತ್ತೆ. ಬಟ್ಟೆ ಅದರ ತಳಕ್ಕೆ ಹೋಗಲ್ಲ, ಉಪ್ಪು ಕಾಗದವೂ ಹೋಗಲ್ಲ. ಈಗಿರುವುದಕ್ಕಿಂತ ಕೆಟ್ಟದಾಗುತ್ತೆ. ಅಲ್ಯೂಮಿನಿಯಂಗೆ ಆಗುವ ಸೌಮ್ಯ ಕ್ಷಾರದ ಕ್ಲೀನರ್ ಬಿಸಿ ನೀರಿಗೆ ಹಾಕಿ ಅದ್ದಿ ತೊಳೆಯಿರಿ. ಬರೀ ಕಾಸ್ಟಿಕ್ ಬೇಡ, ಲೋಹವನ್ನೇ ತಿನ್ನುತ್ತೆ. ಎರಡು ಸಲ ಒಳ್ಳೆ ನೀರಲ್ಲಿ ಜಾಲಿಸಿ. ಆಗ ಮೈ ಮೇಲೆ ನೀರು ಒಂದೇ ಪದರವಾಗಿ ನಿಲ್ಲಬೇಕು. ಕೆಸುವಿನ ಎಲೆ ಮೇಲೆ ನಿಂತ ಹಾಗೆ ಹನಿ ಹನಿ ಆದರೆ ಎಣ್ಣೆ ಇನ್ನೂ ಇದೆ ಅಂತ ಅರ್ಥ. ಒಣಗಿಸಿ, ಸಿಲೇನ್ ಪ್ರೈಮರ್ (ಲೋಹಕ್ಕೂ ಅಂಟಿಗೂ ಬೆಸುಗೆ ಕೊಡುವ ತೆಳು ದ್ರವ) ಹಚ್ಚಿ, ಅದೇ ದಿನ ಅಂಟಿಸಿ. ಮಳೆ ದಿನ ಅಂಟು ಹಚ್ಚಿ ತುಂಬಾ ಹೊತ್ತು ತೆರೆದಿಡಬೇಡಿ, ಅಂಟು ಗಟ್ಟಿ ಮಾಡುವ ಹಾರ್ಡನರ್ ಗಾಳಿಯ ತೇವ ಹಿಡಿದು ಮೇಲೆ ಮೇಣದಂಥ ಪದರ ಬರುತ್ತೆ.

ಬ್ರೇಕ್ ಪ್ಯಾಡ್:
ನಾನು ಹಿಂದೆ ಡಿಸ್ಕ್ ಬ್ರೇಕ್ ಪ್ಯಾಡ್ ಲೈನ್‌ನಲ್ಲಿದ್ದೆ. ಕೆಲವು ಪ್ಯಾಡ್‌ಗಳ ಸ್ಟೀಲ್ ಪ್ಲೇಟ್ ಮೇಲೆ ಲೋಹವನ್ನೇ ಕೆತ್ತಿ ಎಬ್ಬಿಸಿದ ಸಣ್ಣ ಸಣ್ಣ ಕೊಕ್ಕೆ ಇರುತ್ತೆ. ಅಂಟು ಸೋತರೂ ಕೊಕ್ಕೆ ಹಿಡಿದುಕೊಳ್ಳುತ್ತೆ. ಆದರೆ ಅಲ್ಲಿ ಪ್ಲೇಟು ದಪ್ಪ, ಅದರ ಮೇಲೆ ಕೂರಿಸುವ, ಡಿಸ್ಕಿಗೆ ಉಜ್ಜುವ ಪದರವೂ ದಪ್ಪ. 1.2 ಮಿ.ಮೀ. ಶೀಟಿನಲ್ಲಿ ಅಂಥ ಕೊಕ್ಕೆ ಎಬ್ಬಿಸುವುದು ಕಷ್ಟ.

ಭದ್ರಾವತಿ ಡೈಮೇಕರ್:
ಹಾಗಾದರೆ ಗುಂಡಿ ಬದಲು ಗುಬುಟು ಮಾಡಿ. ಹಿಂದಿನಿಂದ ತಳ್ಳಿ ಅಂಟಿನ ಕಡೆ 0.2 ಮಿ.ಮೀ. ಉಬ್ಬಿಸುವುದು, 40 ಮಿ.ಮೀ.ಗೆ ಒಂದರಂತೆ. ಇದಕ್ಕೆ ಟನ್ನೇಜ್ ತುಂಬಾ ಕಡಿಮೆ, ಯಾಕೆಂದರೆ ಲೋಹವನ್ನು ಹಿಂಡುತ್ತಿಲ್ಲ, ಬಾಗಿಸುತ್ತಿದ್ದೀವಿ ಅಷ್ಟೇ. ಕ್ಲಾಂಪ್ ಬಿಗಿ ಮಾಡಿದಾಗ ಅಂಟು ಪೂರ್ತಿ ಹೊರಗೆ ಹೋಗದೆ 0.2 ಮಿ.ಮೀ. ದಪ್ಪ ಎಲ್ಲಾ ಕಡೆ ಉಳಿಯುತ್ತೆ. ಎಣ್ಣೆ ನಿಲ್ಲುವ ಗುಂಡಿ ಅಂಟಿನ ಕಡೆ ಇರಲ್ಲ. ಪ್ರೆಸ್‌ನಲ್ಲೇ ಏನಾದರೂ ಮಾಡಬೇಕು ಅಂತಿದ್ದರೆ ನನ್ನ ಮಟ್ಟಿಗೆ ಇದೇ ಒಳ್ಳೆಯದು.

ಕೋಣಂದೂರು ತೋಟ:
ನಾನು ಮೆಷಿನ್ ಬಳಸುವವನು ಮಾರಾಯ್ರೆ. ರಿವೆಟ್ ತಲೆ ಕಂಡರೆ ನಮಗೇನೂ ಬೇಜಾರಿಲ್ಲ, ಕೊಯ್ಲಿನ ಮಧ್ಯೆ ನಿಂತರೆ ಬೇಜಾರು. ಅಡಿಕೆ ರಾಶಿ ಅಂಗಳದಲ್ಲಿ ಕಾಯಲ್ಲ.

ಸಾಗರದವ, ಈಗ ಬೆಂಗಳೂರು:
ಇವರು ಹೇಳಿದ್ದರಲ್ಲಿ ಬಲ ಇದೆ. ಅಂಟು ಜಾರುವ ಎಳೆತ ತಡೆಯುತ್ತೆ, ತುದಿಯಿಂದ ಸಿಪ್ಪೆ ಸುಲಿದ ಹಾಗೆ ಎಬ್ಬಿಸಿದರೆ ತಡೆಯಲ್ಲ. ಪಟ್ಟಿಯ ಎರಡೂ ತುದಿಗೆ ಒಂದೊಂದು ರಿವೆಟ್ ಹಾಕಿ, ಮಧ್ಯೆ ಅಂಟು ಇರಲಿ. ಈಗಾಗಲೇ ಕೊಟ್ಟಿರುವ ಮೆಷಿನ್‌ಗಳಿಗೆ ಪೂರ್ತಿ ರಿವೆಟ್ಟೇ ಹೊಡೆದುಬಿಡಿ.

ಹೊಸದನ್ನು ಬೆಣೆ ಇಟ್ಟು ಪರೀಕ್ಷೆ ಮಾಡಿ. 3 ಮಿ.ಮೀ. ದಪ್ಪದ ಎರಡು ತುಂಡು ಅಂಟಿಸಿ, ಒಂದು ತುದಿಗೆ ಬೆಣೆ ಬಡಿದು, ಬಿರುಕು ಎಲ್ಲಿ ನಿಂತಿದೆ ಅಂತ ಗುರುತು ಹಾಕಿ. 50 ಡಿಗ್ರಿ ಬಿಸಿ ನೀರಿನ ಹಬೆ ಇರುವ ಮುಚ್ಚಿದ ಡಬ್ಬದಲ್ಲಿ ಇಟ್ಟು ದಿನಾ ನೋಡಿ. ಬಿರುಕು ಓಡಿದರೆ ಮಳೆಗಾಲಕ್ಕೆ ಅದು ನಿಲ್ಲಲ್ಲ.

ಮಾಚೇನಹಳ್ಳಿ ಪ್ರೆಸ್:
ಹತ್ತು ದಿನ ಆಯಿತು, ಬೆಣೆ ಪರೀಕ್ಷೆ ಮಾಡಿದೆ. ಬಟ್ಟೆಯಲ್ಲಿ ಒರೆಸಿ ಚುಕ್ಕಿ ಒತ್ತಿದ ತುಂಡು ಎರಡನೇ ದಿನಕ್ಕೇ ಪೂರ್ತಿ ಬಿಟ್ಟುಕೊಂಡಿತು, ಬೆರಳಿಟ್ಟರೆ ಗುಂಡಿಯೊಳಗೆ ಜಿಡ್ಡು. ತೊಳೆದು ಪ್ರೈಮರ್ ಹಚ್ಚಿದ ನುಣುಪು ತುಂಡಿನಲ್ಲಿ ಬಿರುಕು ಸ್ವಲ್ಪ ಸರಿದು ನಿಂತಿದೆ. ತೊಳೆದು ಚುಕ್ಕಿಯನ್ನೂ ಒತ್ತಿದ್ದರಲ್ಲಿ ಹೆಚ್ಚುಕಮ್ಮಿ ಅಷ್ಟೇ. ತೊಳೆಯುವ ತೊಟ್ಟಿಗೆ ಹೇಳಿದ್ದೇನೆ. ಡೈಮೇಕರ್ ಅಣ್ಣ, ಗುಬುಟಿನ ಇನ್ಸರ್ಟ್ ಡ್ರಾಯಿಂಗ್ ತಗೊಂಡು ಸೋಮವಾರ ಭದ್ರಾವತಿಗೆ ಬರುತ್ತೇನೆ, ಇರ್ತೀರಾ?