ಬೋರ್ ನೀರು, ಬೋಳು ತಲೆ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಎದುರಿಗೆ ಒಂದು ಕಾಂಡಿಮೆಂಟ್ಸ್ ಇದೆ. ಭಾನುವಾರ ಬೆಳಿಗ್ಗೆ ಎಂಟಾದರೆ ನಾವು ನಾಲ್ಕು ಜನ ಅಲ್ಲಿ ಹಾಜರ್. ನೆಪ ಬೈಟು ಕಾಫಿ, ಕೆಲಸ ಊರ ಉಸಾಬರಿ.

ಮೊನ್ನೆ ರಾಘು ಮಂಗನ ಟೋಪಿ ಹಾಕಿಕೊಂಡು ಬಂದ. ಏಪ್ರಿಲ್ ತಿಂಗಳು. ಎಂಟು ಗಂಟೆಗೇ ಬೆವರು.

“ಜ್ವರನಾ?” ಅಂದೆ.

“ಜ್ವರ ಅಲ್ಲ ಮಾರಾಯ, ಮರ್ಯಾದೆ,” ಅಂತ ಟೋಪಿ ಎತ್ತಿದ. ನಡುನೆತ್ತಿಯಲ್ಲಿ ದೋಸೆ ಗಾತ್ರದ ಬಯಲು. ಸೆಟ್ ದೋಸೆ. ಮಸಾಲೆ ದೋಸೆ ಆಗೋಕೆ ಇನ್ನೂ ನಾಲ್ಕೈದು ವರ್ಷ ಬೇಕು.

“ಎಲ್ಲ ಈ ಹಾಳು ಬೋರ್ ನೀರಿಂದ. ತೀರ್ಥಹಳ್ಳಿಯಿಂದ ಬಂದಾಗ ನನ್ನ ತಲೆಗೆ ಬಾಚಣಿಗೆ ಇಳೀತಿರಲಿಲ್ಲ. ಈಗ ನೋಡು, ಬಾಚಣಿಗೆಗೆ ಕೆಲಸಾನೇ ಇಲ್ಲ.”

ಈ ಮಾತು ಬೆಂಗಳೂರಿಗೆ ಹೊಸದಲ್ಲ. ಊರಿಂದ ಬಂದು ಎರಡು ವರ್ಷ ಆದ ಯಾರನ್ನಾದರೂ ಕೇಳಿ, ಕೂದಲು ಹೋಗಿದ್ದಕ್ಕೆ ನೀರನ್ನೇ ಬೈಯುತ್ತಾರೆ. ಆಫೀಸಿನ ಟೆನ್ಶನ್, ಕೆಟ್ಟ ನಿದ್ದೆ, ಅಪ್ಪನ ತಲೆ, ಇದ್ಯಾವುದಕ್ಕೂ ಬೈಗುಳ ಇಲ್ಲ. ನೀರು ಪಾಪ, ತಿರುಗಿ ಬೈಯಲ್ಲ ನೋಡಿ.

ನಂಜುಂಡ ಕೋಲಾರದ ಕಡೆಯವನು. ಅವನಿಗೆ ರೇಗಿತು. “ಬೋರ್ ನೀರು ಅಂದ್ರೆ ಏನಂತ ನಮ್ಮನ್ನ ಕೇಳಪ್ಪ. ಸಾವಿರ ಅಡಿ ಕೊರೆಸಿದರೆ ಮೊದಲು ಬರೋದು ಧೂಳು. ಪುಣ್ಯಕ್ಕೆ ನೀರು ಬಂದರೆ ಅದರಲ್ಲಿ ತೊಗರಿಬೇಳೆ ಬೇಯಲ್ಲ. ‘ನಿನ್ನ ಬೇಳೆ ಬೇಯಲ್ಲ’ ಅನ್ನೋದು ನಿಮಗೆಲ್ಲ ಬರೀ ಮಾತು, ನಮ್ಮಮ್ಮನಿಗೆ ದಿನಾ ಅಡುಗೆಮನೆ. ಚಿಟಿಕೆ ಸೋಡಾ ಹಾಕದೆ ಅವಳು ಸಾರು ಮಾಡಿದ್ದೇ ಇಲ್ಲ.”

ಆಮೇಲೆ ರಾಘುವಿನ ಕಡೆ ತಿರುಗಿ, “ನಿಮ್ಮೂರ ನೀರಿನ ಕಥೆ ಹೇಳಲಾ?” ಅಂದ.

ರಾಘು ಬೇಡ ಅಂದ. ಬೇಡ ಅಂದಮೇಲೆ ಹೇಳಲೇಬೇಕಲ್ಲ.

ರಾಘುವಿನ ತಂಗಿಯ ಮದುವೆ. ನಂಜುಂಡ ಹಿಂದಿನ ದಿನವೇ ಹೋಗಿದ್ದ. ಬೆಳಿಗ್ಗೆ ಬಚ್ಚಲಿಗೆ ಹೋಗಿ ಹಂಡೆ ನೀರು ತೋಡಿಕೊಂಡು, ರೂಢಿಯಂತೆ ಮೈಗೆಲ್ಲ ಗಸಗಸ ಸೋಪು ತಿಕ್ಕಿದ. ಕೋಲಾರದ ಲೆಕ್ಕದಲ್ಲಿ ತಿಕ್ಕಿದ. ನೊರೆಯೋ ನೊರೆ. ಒಂದು ಚೊಂಬು ಹೊಯ್ದುಕೊಂಡ, ಮೈ ಜಾರುತ್ತದೆ. ಇನ್ನೊಂದು ಹೊಯ್ದ, ಇನ್ನೂ ಜಾರುತ್ತದೆ. ಸೋಪು ಹೋಗಿಲ್ಲ ಅಂದುಕೊಂಡು ಹೊಯ್ದ, ಹೊಯ್ದ, ಹಂಡೆ ತಳ ಕಂಡಿತು. ಹೊರಗೆ ಗಂಡಿನ ಕಡೆಯವರ ಕ್ಯೂ. ಕೊನೆಗೆ ಯಾರೋ ಅಜ್ಜ ಬಾಗಿಲು ಬಡಿದು, “ಧಾರೆ ಮುಗೀತು ಮಾರಾಯ್ರೆ, ನಿಮ್ಮದಿನ್ನೂ ಮುಗೀಲಿಲ್ವಾ?” ಅಂದರಂತೆ.

ಶೈಲಕ್ಕ ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡರು. ಅವರು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾರೆ. “ನೀನು ಕ್ಲೀನಾಗೇ ಇದ್ದೆ ನಂಜುಂಡ. ನಿನ್ನ ಕೈಗೆ ಅದು ಗೊತ್ತಾಗಲಿಲ್ಲ ಅಷ್ಟೆ. ಬೋರ್ ನೀರಲ್ಲಿ ಸ್ನಾನ ಆದಮೇಲೆ ಮೈ ಕೀಚ್ ಕೀಚ್ ಅನ್ನುತ್ತಲ್ಲ, ನೀನು ಅದನ್ನ ಕ್ಲೀನ್ ಅಂದುಕೊಂಡಿದೀಯ. ಅದು ಮೈಗೆ ಅಂಟಿಕೊಂಡಿರೋ ಜಿಡ್ಡು. ತೋರಿಸಲಾ?”

ತೋರಿಸದೆ ಬಿಡುವ ಪೈಕಿ ಅಲ್ಲ ಅವರು. ಅಂಗಡಿಯ ಅಣ್ಣನಿಂದ ಎರಡು ಖಾಲಿ ಬಾಟಲಿ, ಹತ್ತು ರೂಪಾಯಿಯ ಒಂದು ಸ್ನಾನದ ಸೋಪು, ಬನ್ ಕೊಯ್ಯುವ ಚಾಕು ಇಸಿದುಕೊಂಡರು. ಒಂದು ಬಾಟಲಿಗೆ ನಮ್ಮ ಸಂಪಿನ ನೀರು. ಅಂದರೆ ಅರ್ಧ ಬೋರು, ಅರ್ಧ ಟ್ಯಾಂಕರ್. ಇನ್ನೊಂದಕ್ಕೆ ಅವರ ಚೀಲದಲ್ಲಿದ್ದ ಕಾವೇರಿ. ಅವರ ಮನೆ ಪಕ್ಕದ ಲೇಔಟಿನಲ್ಲಿದೆ, ಅಲ್ಲಿಗೆ ವಾರಕ್ಕೆ ಎರಡು ದಿನ ಕಾವೇರಿ ಬರುತ್ತದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪೈಪಿನಲ್ಲಿ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಬರುವ ನೀರು. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಶುರುವಾದಾಗ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೂ ನೀರು ಅಂದರು. ನಮ್ಮ ಅಪಾರ್ಟ್‌ಮೆಂಟಿಗೆ ಕನೆಕ್ಷನ್ ತಗೊಳ್ಳೋದಾ ಬೇಡವಾ ಅಂತ ಅಸೋಸಿಯೇಷನ್ ಮೀಟಿಂಗ್ ಇನ್ನೂ ನಡೀತಾನೇ ಇದೆ. ಅದು ಬೇರೆ ಹರಟೆ.

ಶೈಲಕ್ಕ ಸೋಪನ್ನು ತೆಂಗಿನಕಾಯಿ ತುರಿದ ಹಾಗೆ ಹೆರೆದು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ ಕುಲುಕಿದರು. ಕಾವೇರಿ ಬಾಟಲಿಯಲ್ಲಿ ನೊರೆ ಕತ್ತಿನವರೆಗೂ ಎದ್ದು ನಿಂತಿತು. ನಮ್ಮ ಬಾಟಲಿಯಲ್ಲಿ ನಾಲ್ಕು ಗುಳ್ಳೆ ಎದ್ದವು, ಮುಖ ತೋರಿಸಿ ಹೋದವು. ಕೆಳಗೆ ನೀರು ಒಡೆದ ಹಾಲಿನ ಹಾಗೆ ಆಗಿತ್ತು. ಬಿಳೀ ಚೂರುಗಳು ತೇಲುತ್ತಿದ್ದವು. ಬಾಟಲಿಯ ಒಳಗೋಡೆಗೆ ಬೂದು ಬಣ್ಣದ ಒಂದು ಗೆರೆ.

“ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಂದು ಸೋಪಿನ ಸೋಡಿಯಂ ಎಬ್ಬಿಸಿ ಅದರ ಸೀಟಲ್ಲಿ ಕೂರುತ್ತೆ. ಆಮೇಲೆ ಅದು ನೀರಲ್ಲಿ ಕರಗಲ್ಲ. ನಿಮ್ಮ ಬಕೆಟ್ಟಿಗೆ ಕಟ್ಟೋ ಕರೆ ಇದೇ. ನಿಮ್ಮ ಮೈಗೆ, ತಲೆಗೆ ಕಟ್ಟೋದೂ ಇದೇ. ಇವೆರಡು ಜಾಸ್ತಿ ಇದ್ದರೆ ಗಡಸು ನೀರು, ಕಮ್ಮಿ ಇದ್ದರೆ ಮೆದು ನೀರು.”

“ಶಾಂಪೂ ಹಾಕಿದರೆ?” ಅಂದೆ.

“ಶಾಂಪೂ ಸೋಪಲ್ಲ. ಇಷ್ಟು ಒಡೆಯಲ್ಲ. ನೊರೆ ಕಮ್ಮಿ ಬರುತ್ತೆ, ನೀವು ಎರಡರಷ್ಟು ಹಾಕ್ತೀರ, ಸರಿಯಾಗಿ ತೊಳೆಯಲ್ಲ. ಅದು ಇನ್ನೊಂದು ಗೋಳು.” ಆಮೇಲೆ ರಾಘುವಿಗೆ ಅರ್ಥ ಆಗಲಿ ಅಂತ ಹೆಂಚಿನ ಮನೆ ಕಟ್ಟಿದರು. ಒಂದೊಂದು ಕೂದಲಿನ ಮೇಲೂ ಮಂಗಳೂರು ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರ ಇರುತ್ತದಂತೆ. ಹೆಂಚು ಒತ್ತಾಗಿ ಕೂತಿದ್ದರೆ ಕೂದಲು ಹೊಳೆಯುತ್ತದೆ, ಕೈಗೆ ನುಣ್ಣಗಿರುತ್ತದೆ. ಗಡಸು ನೀರಿನ ಸುಣ್ಣ ಅದರ ಮೇಲೆ ಕೂತರೆ ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ತುಂಡಾಗುತ್ತದೆ. ಬಣ್ಣ ಹಚ್ಚಿದ, ಸ್ಟ್ರೈಟನಿಂಗ್ ಮಾಡಿಸಿದ ಕೂದಲಿನ ಹೆಂಚು ಮೊದಲೇ ಎದ್ದಿರುತ್ತೆ, ಅದಕ್ಕೆ ಇನ್ನೂ ಜಾಸ್ತಿ.

“ನೋಡಿದಿರಾ!” ರಾಘು ಮೇಜು ಕುಟ್ಟಿದ. “ನಾನು ಹೇಳಿದ್ದೂ ಅದೇ.”

“ನಿಲ್ಲು ಮರಿ. ಆ ಟೋಪಿ ಕೊಡು.”

ಟೋಪಿಯ ಒಳಗಿಂದ ಒಂದು ಕೂದಲು ಹೆಕ್ಕಿ, ಬೆಳಕಿಗೆ ಹಿಡಿದರು. ನಾವೆಲ್ಲ ಬಗ್ಗಿದೆವು. ಒಂದು ತುದಿಯಲ್ಲಿ ರವೆಕಾಳಿಗಿಂತ ಸಣ್ಣ ಬಿಳೀ ಗುಂಡು.

“ಇದು ಬುಡ. ಕೂದಲು ಬೇರುಸಮೇತ ಬಂದಿದೆ. ನೀರು ಕೆಡಿಸೋದು ಹೊರಗಿನ ಎಳೆ. ನೀರಿನ ಕೆಲಸ ಆಗಿದ್ದರೆ ನಡುವೆ ತುಂಡಾಗಿರಬೇಕಿತ್ತು, ಬುಡ ಬರ್ತಿರಲಿಲ್ಲ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಹೀಗೆ ಉದುರುತ್ತೆ, ಜಾಗಕ್ಕೆ ಹೊಸದು ಬರುತ್ತೆ. ನಿನಗೆ ಹೊಸದು ಬರ್ತಿಲ್ಲ, ಅಷ್ಟೆ. ನಿಮ್ಮ ತಂದೆಯವರ ತಲೆ ಹೇಗಿದೆ?”

ರಾಘು ಕಾಫಿ ಲೋಟದ ತಳ ನೋಡಿದ.

“ನಾನು ಹೇಳ್ತೀನಿ,” ನಂಜುಂಡ ಎದ್ದೇ ನಿಂತ. “ಆರತಕ್ಷತೆಗೆ ನಿಂತಾಗ ಅವರ ಪೇಟ ಜಾರಿತು. ಫೋಟೋಗ್ರಾಫರ್ ಫ್ಲ್ಯಾಶ್ ಆಫ್ ಮಾಡಿದ.”

“ಅಪ್ಪ ಹುಟ್ಟಿದಾಗಿಂದ ತುಂಗೆ ನೀರು ಕುಡಿದವರು,” ರಾಘು ಸಣ್ಣ ದನಿಯಲ್ಲಿ ಅಂದ. “ಗಂಗಾ ಸ್ನಾನ, ತುಂಗಾ ಪಾನ ಅಂತಾರೆ.”

“ಪಾನ ಅಂದಿದಾರೆ. ತಲೆಗೆ ಗ್ಯಾರಂಟಿ ಕೊಟ್ಟಿಲ್ಲವಲ್ಲ!”

ಸೋಲೊಪ್ಪದ ರಾಘು ಫೋನ್ ತೆಗೆದು ಹುಡುಕಿದ. ಸಿಕ್ಕಿದ್ದು ಎರಡು. 2013ರಲ್ಲಿ ತಮಿಳುನಾಡಿನ ವೈದ್ಯರು ಗಡಸು ನೀರು ಸೋಕಿಸಿದ ಕೂದಲನ್ನೂ ಡಿಸ್ಟಿಲ್ಡ್, ಅಂದರೆ ಬಟ್ಟಿ ಇಳಿಸಿದ ನೀರಿನ ಕೂದಲನ್ನೂ ಎಳೆದು ನೋಡಿದ್ದರು. ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2018ರಲ್ಲಿ ಪಾಕಿಸ್ತಾನದವರು ಇದೇ ಥರ 70 ಗಂಡಸರ ಕೂದಲು ಎಳೆದಾಗ ಗಡಸು ನೀರಿನದ್ದು ಬೇಗ ತುಂಡಾಗಿತ್ತು.

“ನೀರಿನ ವಿಷಯದಲ್ಲಿ ತಮಿಳುನಾಡಿನ ಮಾತು ನಾವು ಒಪ್ಪೋ ಹಾಗಿದೆಯಾ?” ಅಂತ ರಾಘು. ಮೊದಲ ಸಲ ಎಲ್ಲರೂ ಅವನ ಪಕ್ಷ ಸೇರಿದೆವು. ಆದರೆ ಶೈಲಕ್ಕ ಬಿಡಲಿಲ್ಲ. ಎರಡರಲ್ಲಿ ಯಾವುದೂ ಬೋಳಾಗುತ್ತದೆ ಅಂದಿಲ್ಲ, ತುಂಡಾಗೋದರ ಮಾತೇ ಆಡಿದೆ ಅಂದರು.

ನಂಜುಂಡನಿಗೆ ಕೂದಲಿನ ಚಿಂತೆ ಇಲ್ಲ. ಅವನದು ಕೆರೆತ. ಮೊಣಕೈ, ಕಾಲು, ಸೊಂಟ. ಮಾತಾಡುತ್ತಲೇ ಬೆರಳಿನಿಂದ ಕಾಲಿನ ಮೇಲೆ ಗೀರು ಎಳೆದ, ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಹಾಗೆ ಬಿಳೀ ಗೆರೆ ಮೂಡಿತು. ಚರ್ಮ ಸ್ವಲ್ಪ ಹುಳಿ ಗುಣದ್ದು, ಸೋಪು ಅದಕ್ಕೆ ತದ್ವಿರುದ್ಧ, ಗಡಸು ನೀರಲ್ಲಿ ಸೋಪು ಚರ್ಮದ ಮೇಲೇ ಉಳಿದುಬಿಡುತ್ತದೆ, ಅದಕ್ಕೇ ಒಣಗಿ ಕೆರೆಯುತ್ತದೆ ಅಂದರು ಶೈಲಕ್ಕ. ತಲೆಯಿಂದ ಉದುರುವ ಬಿಳೀ ಪುಡಿಯೂ ಕೆಲವು ಸಲ ಹೊಟ್ಟಲ್ಲ, ಇದೇ ಜಿಡ್ಡು ಒಣಗಿದ್ದು ಇರಬಹುದು.

“ಹಾಗಾದ್ರೆ ನೀರು ಮೆದು ಮಾಡಿಸಿದರೆ ಕೆರೆತ ಹೋಗುತ್ತಾ?”

“ಇಂಗ್ಲೆಂಡಿನಲ್ಲಿ ಎಕ್ಸಿಮಾ, ಅಂದ್ರೆ ಚರ್ಮ ಒಣಗಿ ಕೆರೆಯೋ ಕಾಯಿಲೆ ಇರೋ 336 ಮಕ್ಕಳ ಮೇಲೆ ನೋಡಿದಾರೆ, 2011ರಲ್ಲಿ ಬಂತು. ಅರ್ಧ ಜನರ ಮನೆಗೆ 12 ವಾರ ನೀರು ಮೆದು ಮಾಡೋ ಸಾಫ್ಟ್‌ನರ್ ಹಾಕಿದರು. ಅದರಿಂದ ಹೆಚ್ಚಿನ ಉಪಯೋಗ ಕಾಣಲಿಲ್ಲ. ನೀನು ಮೊದಲು ಆ ಸೋಪು ತಿಕ್ಕೋದು ಕಮ್ಮಿ ಮಾಡು. ಮೈ ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಸವರು. ಕೆರೆತ ಹೋಗದಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗು, ನನ್ನ ಹತ್ತಿರ ಅಲ್ಲ.”

ಈಗ ನನ್ನ ಗುಟ್ಟು ಹೇಳಬೇಕಾಯಿತು. ನಾನು ಎರಡು ಸಾವಿರ ಕೊಟ್ಟು ಶವರಿಗೆ ಫಿಲ್ಟರ್ ಹಾಕಿಸಿದ್ದೆ. ಡಬ್ಬದ ಮೇಲೆ ಜಲಪಾತ, ಅದರ ಕೆಳಗೆ ಉದ್ದ ಕೂದಲಿನ ಹುಡುಗಿ.

“ಒಳಗೆ ಏನಿದೆ?”

“ಹದಿನೈದು ಪದರ ಅಂತ ಬರೆದಿದೆ.”

“ಸಾಂಬಾರ್ ಪುಡಿಗೂ ಅಷ್ಟು ಹಾಕಲ್ಲ ಕಣೋ. ಅದು ಕ್ಲೋರಿನ್, ಕಸ ಒಂದಿಷ್ಟು ಹಿಡಿಯಬಹುದು. ಕ್ಯಾಲ್ಸಿಯಂ ಹಾಯಾಗಿ ದಾಟಿ ಬರುತ್ತೆ. ಗಡಸು ಹೋಗಬೇಕು ಅಂದ್ರೆ ಕ್ಯಾಲ್ಸಿಯಂ ಹಿಡಿಯೋ ರೆಸಿನ್ ಮಣಿ ಇರೋ ಸಾಫ್ಟ್‌ನರ್ ಬೇಕು, ಅದಕ್ಕೆ ಆಗಾಗ ಉಪ್ಪು ತಿನ್ನಿಸಬೇಕು.”

ನಂಜುಂಡ ಟಿಡಿಎಸ್ ಮೀಟರ್ ತಂದು ಅಳೆಯೋಣ ಅಂದ. ಟಿಡಿಎಸ್ಸೇ ಬೇರೆ, ಗಡಸುತನವೇ ಬೇರೆ ಅಂತ ಅದಕ್ಕೂ ಬಿತ್ತು. ಮೀಟರ್ ಕರಗಿದ್ದೆಲ್ಲ ಸೇರಿಸಿ ತೋರಿಸುತ್ತೆ, ಅಡುಗೆ ಉಪ್ಪು ಹಾಕಿದರೂ ಏರುತ್ತೆ. ಗಡಸುತನಕ್ಕೆ ಬೇರೆ ಕಿಟ್ ಬೇಕು. ಕುಡಿಯುವ ನೀರಿನ ಗಡಸುತನಕ್ಕೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಲೆಕ್ಕ ಲೀಟರಿಗೆ 200 ಮಿಲಿಗ್ರಾಂ, ಬೇರೆ ಗತಿಯೇ ಇಲ್ಲದಿದ್ದರೆ 600ರವರೆಗೆ.

“ಕುದಿಸಿದರೆ?” ರಾಘು ಕೇಳಿದ.

“ಸ್ವಲ್ಪ ಹೋಗುತ್ತೆ, ಎಲ್ಲ ಹೋಗಲ್ಲ. ಹೋಗಿದ್ದು ನಿನ್ನ ಗೀಸರ್ ಕಾಯಿಲ್ ಮೇಲೆ ಕೂತಿರುತ್ತೆ, ಬಿಚ್ಚಿ ನೋಡು.” ಆಮೇಲೆ ಅವರು ಹೇಳಿದ್ದು ನನಗೆ ಜಾಸ್ತಿ ಹಿಡಿಸಿತು. ಅಜ್ಜಿಯರ ಸೀಗೆಪುಡಿ, ಅಂಟುವಾಳಕಾಯಿ ಎರಡೂ ಸೋಪಿನ ಜಾತಿಯವಲ್ಲ. ಅವುಗಳ ನೊರೆಗೆ ಕ್ಯಾಲ್ಸಿಯಂ ಅಡ್ಡ ಬರಲ್ಲ, ಅದಕ್ಕೇ ಬಾವಿ ನೀರು ಎಷ್ಟೇ ಗಡಸಿದ್ದರೂ ಅಜ್ಜಿಯ ಕೂದಲು ಒಡೆದ ಹಾಲಾಗುತ್ತಿರಲಿಲ್ಲ. ಶಾಂಪೂ ಬಿಡಲಾರದವರು ಕೊನೇ ಚೊಂಬಿಗೆ ಅರ್ಧ ಲಿಂಬೆಹಣ್ಣು ಹಿಂಡಿ ಹೊಯ್ದುಕೊಳ್ಳಬಹುದು. ಹುಳಿಗೆ ಸುಣ್ಣ ಕರಗುತ್ತದೆ. ಕಣ್ಣು ಮುಚ್ಚಿಕೊಂಡು ಹೊಯ್ದುಕೊಳ್ಳಿ. ನಾನು ಮುಚ್ಚಿಕೊಂಡಿರಲಿಲ್ಲ, ಸೋಮವಾರ.

ಅಷ್ಟು ಹೊತ್ತಿಗೆ ರಾಘು ಬನ್ ಬೆಣ್ಣೆ ಬಾಯಿಗಿಟ್ಟು ಮುಖ ಸಿಂಡರಿಸಿದ. ಚಾಕು ತೊಳೆದಿರಲಿಲ್ಲ. ಅಂಗಡಿಯ ಅಣ್ಣ, “ತೊಳೆದಿದೀನಿ ಸಾರ್, ಈ ನೀರಲ್ಲಿ ಸೋಪು ಹೋಗಲ್ಲ,” ಅಂದ. ಅವನೂ ಕೇಳಿಸಿಕೊಳ್ಳುತ್ತಾ ಇದ್ದ.

ಗೇಟಿನ ಮುಂದೆ ಟ್ಯಾಂಕರ್ ಬಂತು. ಪೈಪು ಸಂಪಿಗೆ ಬಿಟ್ಟು, ಡ್ರೈವರ್ ಹಿಂದಿನ ನಲ್ಲಿ ತಿರುಗಿಸಿ ಅದರ ಕೆಳಗೆ ತಲೆ ಒಡ್ಡಿದ. ಬಟ್ಟೆ ಸೋಪಿನ ಒಂದು ತುಂಡು ತಗೊಂಡು ತಲೆಗೆ ಉಜ್ಜಿದ, ತೊಳೆದ, ನಾಯಿ ಮೈ ಕೊಡವಿದ ಹಾಗೆ ಕೊಡವಿದ. ಕಪ್ಪು ಗುಂಗುರು ಕೂದಲು, ಕುರಿಯ ತುಪ್ಪಟದ ಹಾಗೆ ದಟ್ಟ, ಹೆಗಲ ತನಕ.

ನಾವು ನಾಲ್ಕೂ ಜನ ಸುಮ್ಮನೆ ನೋಡಿದೆವು. ಶೈಲಕ್ಕನ ಬಾಯಿಂದಲೂ ಮಾತಿಲ್ಲ.

ರಾಘು ತಡೆಯಲಾರದೆ ಹತ್ತಿರ ಹೋದ. “ಏನ್ ಗುರು, ತಲೆಗೆ ಏನು ಹಚ್ತೀಯ?”

“ಏನೂ ಇಲ್ಲ ಸಾರ್, ಇದೇ ನೀರು,” ಅಂದ ಅವನು, ಟವೆಲ್ ಹಿಂಡುತ್ತಾ. ರಾಘುವಿನ ನೆತ್ತಿಯನ್ನು ಒಂದು ಸಲ ನೋಡಿದ. “ಒಂದು ಲೋಡ್ ಜಾಸ್ತಿ ಬೇಕಾ?”